ಏರಿಯ ಹೊಣೆ

ಕಿದ್ವಾಯಿ ನಗರದಲ್ಲಿ ಕುಳಿತು ಊರಿನ ಕೆರೆಯನ್ನು ನೆನೆಯುವಾಗ ನಮ್ಮ ಕಣ್ಣಿಗೆ ಕಟ್ಟುವುದು ನೀರು. ಆ ನೀರನ್ನು ಹಿಡಿದು ನಿಲ್ಲಿಸಿದ ಮಣ್ಣಿನ ಏರಿ ನೆನಪಿಗೆ ಬರುವುದು ಕಡಿಮೆ. ಇಂಥ ಏರಿಗಳನ್ನು ಕಟ್ಟಿಸಿದವರು ಅರಸರು ಮಾತ್ರವೇ ಅಲ್ಲ. ಗಾವುಂಡರೂ ವರ್ತಕರೂ ಹೆಣ್ಣುಮಕ್ಕಳೂ ಸ್ವಂತ ಹಣದಿಂದ ಕೆರೆ ಕಟ್ಟಿಸಿದ ಸಂಗತಿ ನಮ್ಮ ಶಾಸನಗಳಲ್ಲಿ ಹೇರಳವಾಗಿದೆ.

ಹಾಗೆ ಕಟ್ಟಿಸಿದವರಿಗೆ ಕೆರೆಯ ಕೆಳಗಣ ಭೂಮಿಯಲ್ಲಿ ಒಂದು ಪಾಲು ತೆರಿಗೆಯಿಲ್ಲದೆ ಅಥವಾ ಅಲ್ಪ ತೆರಿಗೆಗೆ ಸಲ್ಲುತ್ತಿತ್ತು. ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂದು ಕಾಲದೇಶಗಳಿಗೆ ತಕ್ಕಂತೆ ಅದಕ್ಕೆ ಹಲವು ಹೆಸರು. ಅನೇಕ ದತ್ತಿಗಳಲ್ಲಿ ಕೆರೆಯನ್ನು ಮುಂದೆಯೂ ಕಾಪಾಡಬೇಕೆಂಬ ಹೊಣೆ ಸೇರಿತ್ತು. ಹೂಳೆತ್ತುವ ಬಂಡಿಗೆಂದೇ ಭೂಮಿ ಬಿಟ್ಟ ಶಾಸನಗಳೂ ಉಂಟು.

ಈ ಹೊಣೆ ಹಗುರವಾದುದಲ್ಲ. ಕೋಡಿ ಮುಚ್ಚಿಹೋಗಿ ನೀರು ಏರಿಯ ಮೇಲೆಯೇ ಹರಿದರೆ ಮಣ್ಣು ಕೊಚ್ಚಿಹೋಗುತ್ತದೆ. ಇಲಿಯ ಬಿಲ, ಕೊಳೆತ ಮರದ ಬೇರು, ಸಡಿಲಗೊಂಡ ತೂಬು, ಇವುಗಳಲ್ಲಿ ಯಾವುದಾದರೂ ಸಾಕು, ಒಳಗಿನಿಂದ ನೀರು ದಾರಿ ಮಾಡಿಕೊಳ್ಳಲು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ ವಿಜಯನಗರ ಕಾಲದ 1369ರ ಶಾಸನವು ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟಬಹುದಾದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು.

ಮೈಸೂರು ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬಷ್ಟು ಕೆರೆಗಳಿರುವುದನ್ನು 1866ರಲ್ಲಿ ಮುಖ್ಯ ಎಂಜಿನಿಯರ್ ಸ್ಯಾಂಕಿಯವರು ದಾಖಲಿಸಿದರು. ಸ್ವಾತಂತ್ರ್ಯಾನಂತರ, 1954 ಮತ್ತು 1955ರ ಶಾಸನಗಳಿಂದ ಮೊದಲ್ಗೊಂಡು, ಮೈಸೂರಿನಲ್ಲಿ ಇನಾಮುಗಳು ಒಂದೊಂದಾಗಿ ರದ್ದಾದವು. ಉಳುವವನಿಗೆ ಅದು ನ್ಯಾಯವೇ. ನಾವು ಅದನ್ನು ಅಲ್ಲಗಳೆಯಲಾರೆವು. ಆದರೆ ಭೂಮಿಯ ಹಕ್ಕಿನೊಡನೆ ಬೆಸೆದಿದ್ದ ಹೊಣೆಯೂ ಸಡಿಲವಾಯಿತು. ಇಂದು 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳ ಪಾಲು, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯವು. ಕಾಗದದ ಮೇಲೆ ಒಡೆಯನಿದ್ದಾನೆ. ಮಳೆಗಾಲದ ರಾತ್ರಿ ಲಾಂದ್ರ ಹಿಡಿದು ಏರಿಯ ಮೇಲೆ ನಡೆಯುವ ನೀರಗಂಟಿ ಅಪರೂಪವಾಗಿದ್ದಾನೆ.

ನಾವಿರುವ ಈ ದೆಹಲಿಯಲ್ಲೇ ಸಂಸತ್ತು 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಅಂಗೀಕರಿಸಿತು. ಅದರ ವ್ಯಾಪ್ತಿಗೆ ಬರುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳು. 10ರಿಂದ 15 ಮೀಟರಿನವು ಕೆಲವು ಷರತ್ತುಗಳ ಮೇಲೆ. ಹಳ್ಳಿಯ ಚಿಕ್ಕ ಏರಿಗಳು, ಖಾಸಗಿ ಜಮೀನಿನ ಕಟ್ಟೆಗಳು ಬಹುಪಾಲು ಅದರ ಆಚೆಗೇ ಉಳಿಯುತ್ತವೆ. ಅವುಗಳ ಕೆಳಗೂ ಮನೆಗಳಿವೆ, ಗದ್ದೆಗಳಿವೆ. ಮುಂದಿನ ಮಳೆಗಾಲಕ್ಕೆ ಮುನ್ನ ಊರಿಗೆ ಹೋದಾಗ ನಾವು ಕೇಳಬಹುದಾದ ಪ್ರಶ್ನೆ ಒಂದಿದೆ: ನಮ್ಮ ಕೆರೆಯ ಕೋಡಿಯನ್ನು ಈ ವರ್ಷ ಯಾರು ನೋಡಿ ಬಂದರು?