ನಾಲಂದೆಗೆ ಬಂದ ಚೀನದ ವಿದ್ಯಾರ್ಥಿ

ವಿದ್ಯೆಯನ್ನರಸಿ ದೇಶಾಂತರಕ್ಕೆ ಹೋಗುವವನಿಗೆ ಎರಡು ಋಣಗಳುಂಟಾಗುತ್ತವೆ. ಪಾಠ ಹೇಳಿದವನ ಋಣ ಒಂದು; ಅನ್ನವಿತ್ತು ಆಶ್ರಯ ಕೊಟ್ಟವನ ಋಣ ಮತ್ತೊಂದು. ಸ್ವದೇಶದಲ್ಲಾದರೆ ಈ ಎರಡನ್ನೂ ಸೇವೆಯಿಂದಲೋ ದಕ್ಷಿಣೆಯಿಂದಲೋ ತೀರಿಸಬಹುದು. ಸಾವಿರಾರು ಹರಿದಾರಿ ದಾಟಿ ಬಂದು, ಓದು ಮುಗಿದೊಡನೆ ಹಿಂದಿರುಗಿ ಹೋಗುವವನು ಅದನ್ನು ತೀರಿಸುವ ಬಗೆ ಯಾವುದು? ಈ ಪ್ರಶ್ನೆಗೆ ಚೀನದ ಯಾತ್ರಿಕನಾದ ಹ್ಯೂಯೆನ್ ತ್ಸಾಂಗನ ಚರಿತ್ರೆಯಲ್ಲಿ ಒಂದು ಉತ್ತರವುಂಟು. ಹರ್ಷವರ್ಧನನ ಸಭೆಯನ್ನೂ ಚಾಲುಕ್ಯ ಪುಲಿಕೇಶಿಯ ರಾಜ್ಯವನ್ನೂ ಕಂಡು ಬರೆದವನೆಂದು ಅವನ ಹೆಸರು ಕನ್ನಡಿಗರಿಗೆ ಪರಿಚಿತವಾಗಿದೆ. ಆದರೆ ಅವನು ಭಾರತಕ್ಕೆ ಬಂದುದು ರಾಜ್ಯಗಳನ್ನು ನೋಡುವುದಕ್ಕಲ್ಲ, ಒಂದು ಗ್ರಂಥವನ್ನು ಓದುವುದಕ್ಕೆ.

ಯೋಗಾಚಾರಭೂಮಿ ಎಂಬ ಆ ಮಹಾಗ್ರಂಥದ ವಿಷಯದಲ್ಲಿ ಚೀನದ ಪಂಡಿತರಲ್ಲಿ ಭಿನ್ನಾಭಿಪ್ರಾಯಗಳಿದ್ದವು. ಮೂಲವನ್ನೇ ಮೂಲದೇಶದಲ್ಲಿ ಓದಿ ಸಂಶಯವನ್ನು ಕಳೆದುಕೊಳ್ಳಬೇಕೆಂದು ಆತನು ಕ್ರಿ. ಶ. ೬೨೯ರಲ್ಲಿ, ಗಡಿಯನ್ನು ದಾಟಕೂಡದೆಂಬ ರಾಜಾಜ್ಞೆಯನ್ನೂ ಮೀರಿ, ಹೊರಟುಬಂದನು. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಗಿ, ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲದೆ ನಡೆದನು. ತುರ್ಫಾನದ ಅರಸನು ಅವನನ್ನು ತನ್ನಲ್ಲಿಯೇ ಇರಿಸಿಕೊಳ್ಳಲು ಹಟ ಹಿಡಿದಾಗ ನಿರಾಹಾರವಿದ್ದು ಬಿಡುಗಡೆ ಪಡೆದನು. ಕಾಶ್ಮೀರದಲ್ಲಿ ಎರಡು ವರ್ಷ ಶಾಸ್ತ್ರಾಭ್ಯಾಸ ಮಾಡಿ, ದಾರಿಯುದ್ದಕ್ಕೂ ಗುರುಗಳನ್ನು ಹುಡುಕುತ್ತ, ಸುಮಾರು ೬೩೭ರಲ್ಲಿ ಬುದ್ಧಗಯೆಯನ್ನು ಮುಟ್ಟಿದನು.

ಅವನ ಬರವನ್ನು ಕೇಳಿ ನಾಲಂದೆಯ ಸಂಘವು ನಾಲ್ವರು ಹಿರಿಯ ಭಿಕ್ಷುಗಳನ್ನು ಬುದ್ಧಗಯೆಗೆ ಕಳುಹಿಸಿತು. ವಿಹಾರವು ಸಮೀಪಿಸಿದಾಗ ಇನ್ನೂರು ಮಂದಿ ಭಿಕ್ಷುಗಳೂ ಸಾವಿರಕ್ಕೆ ಮಿಕ್ಕ ಗೃಹಸ್ಥರೂ ಛತ್ರ, ಧ್ವಜ, ಗಂಧ, ಪುಷ್ಪಗಳೊಡನೆ ಎದುರುಗೊಂಡರು. ಒಳಹೊಕ್ಕ ಮೇಲೆ ಸ್ಥವಿರರ ಪಕ್ಕದಲ್ಲಿ ಅವನಿಗೆ ಆಸನವಾಯಿತು. ಅನಂತರ ಘಂಟೆ ಬಾರಿಸಿ, ಈತನು ಇನ್ನು ಈ ವಿಹಾರದಲ್ಲಿ ವಾಸಿಸುವನು, ಭಿಕ್ಷುಗಳು ಬಳಸುವ ಸಮಸ್ತ ವಸ್ತುಗಳಲ್ಲಿಯೂ ಇವನಿಗೆ ಸಮಾನವಾದ ಅಧಿಕಾರವುಂಟು ಎಂದು ಘೋಷಿಸಿದರು. ಗಡಿಯನ್ನು ಕದ್ದು ದಾಟಿಬಂದವನಿಗೆ ಒಂದು ಘಂಟಾನಾದದಿಂದ ಮನೆ ದೊರೆಯಿತು.

ಅಲ್ಲಿಂದ ಅವನನ್ನು ಮಹಾಸ್ಥವಿರನಾದ ಶೀಲಭದ್ರನ ಬಳಿಗೆ ಕರೆದೊಯ್ದರು. ಸಂಘದವರು ಗೌರವದಿಂದ ಆತನ ಹೆಸರನ್ನು ಹೇಳದೆ ಸದ್ಧರ್ಮದ ನಿಧಿಯೆಂದೇ ಕರೆಯುತ್ತಿದ್ದರು. ಅತಿಥಿಯು ಮೊಣಕಾಲು ಮೊಣಕೈಗಳಿಂದ ತೆವಳುತ್ತ ಹೋಗಿ ಪಾದಗಳಿಗೆ ತಲೆಯಿಟ್ಟನು. ಎಲ್ಲಿಂದ ಬಂದೆಯೆಂದು ವೃದ್ಧನು ಕೇಳಿದುದಕ್ಕೆ, ಚೀನದಿಂದ, ತಮ್ಮಲ್ಲಿ ಯೋಗಶಾಸ್ತ್ರವನ್ನು ಕಲಿಯುವುದಕ್ಕಾಗಿ, ಎಂದನು. ಇದನ್ನು ಕೇಳಿದೊಡನೆ ಶೀಲಭದ್ರನು ಕಣ್ಣೀರಿಟ್ಟನು. ಕಾರಣವನ್ನು ಹೇಳುವಂತೆ ಸೋದರ ಸಂಬಂಧಿಯೂ ಶಿಷ್ಯನೂ ಆದ, ಎಪ್ಪತ್ತು ವರ್ಷ ದಾಟಿದ ಬುದ್ಧಭದ್ರನಿಗೆ ಆಜ್ಞೆಯಾಯಿತು. ಆಚಾರ್ಯನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕೈಕಾಲು ಸೆಳೆಯುವ ದುಸ್ಸಹವಾದ ವ್ಯಾಧಿಯಿಂದ ನರಳುತ್ತಿದ್ದನಂತೆ. ಮೂರು ವರ್ಷಗಳ ಕೆಳಗೆ ನೋವು ತಾಳಲಾರದೆ ಅನಶನದಿಂದ ದೇಹವನ್ನು ಬಿಡಲು ನಿಶ್ಚಯಿಸಿದನಂತೆ. ಆಗ ಸ್ವಪ್ನದಲ್ಲಿ ಮಂಜುಶ್ರೀ, ಅವಲೋಕಿತೇಶ್ವರ, ಮೈತ್ರೇಯರು ಕಾಣಿಸಿಕೊಂಡು, ಚೀನದಿಂದ ಒಬ್ಬ ಭಿಕ್ಷು ನಿನ್ನಲ್ಲಿ ಓದಲು ಬರುವನು, ಅವನಿಗಾಗಿ ಕಾದಿರು ಎಂದರಂತೆ.

ದಾರಿಯಲ್ಲಿ ಎಷ್ಟು ವರ್ಷ ಕಳೆಯಿತೆಂದು ಕೇಳಲು ಯಾತ್ರಿಕನು ಮೂರು ವರ್ಷವೆಂದನೆಂದೂ, ಲೆಕ್ಕವು ಸ್ವಪ್ನಕ್ಕೆ ಸರಿಹೊಂದಿತೆಂದೂ ಅವನ ಚರಿತ್ರೆಯನ್ನು ಬರೆದ ಶಿಷ್ಯ ಹುಯಿಲಿ ಹೇಳುತ್ತಾನೆ. ಆದರೆ ಅದೇ ಗ್ರಂಥದಲ್ಲಿ ಕಾಶ್ಮೀರದ ಎರಡು ವರ್ಷಗಳೂ ಪಂಜಾಬದ ಚೀನಭುಕ್ತಿಯಲ್ಲಿ ನಿಂತ ಹದಿನಾಲ್ಕು ತಿಂಗಳೂ ಎಣಿಕೆಯಾಗಿವೆ. ಇವೆರಡರಿಂದಲೇ ಮೂರು ವರ್ಷ ಮೀರುತ್ತದೆ. ಆದುದರಿಂದ ಗುರುಭಕ್ತಿಯುಳ್ಳ ಶಿಷ್ಯನ ಲೇಖನಿಯು ಇಲ್ಲಿ ಸಂಖ್ಯೆಯನ್ನು ಬಗ್ಗಿಸಿದೆಯೆಂದು ತಿಳಿಯಬೇಕು. ಹಾಗೆಂದ ಮಾತ್ರಕ್ಕೆ ಕಥೆಯ ತಿರುಳು ಪೊಳ್ಳಾಗುವುದಿಲ್ಲ. ಯೋಗ್ಯನಾದ ಶಿಷ್ಯನು ದೊರೆಯುವವರೆಗೆ ಜೀವವನ್ನು ಹಿಡಿದುಕೊಂಡಿರುವ ವೃದ್ಧ ವಿದ್ವಾಂಸನ ಹಂಬಲವನ್ನು ಬಲ್ಲವರಿಗೆ ಆ ಕಣ್ಣೀರಿನ ಅರ್ಥಕ್ಕೆ ಸ್ವಪ್ನದ ಸಾಕ್ಷ್ಯವು ಬೇಕಾಗಿಲ್ಲ.

ಬಾಲಾದಿತ್ಯರಾಜನು ಕಟ್ಟಿಸಿದ ವಿಹಾರದಲ್ಲಿ ಬುದ್ಧಭದ್ರನ ಮನೆಯ ನಾಲ್ಕನೆಯ ಅಂತಸ್ತಿನಲ್ಲಿ ಅತಿಥಿಗೆ ಏಳು ದಿನ ಸತ್ಕಾರ ನಡೆಯಿತು. ಬಳಿಕ, ಶೀಲಭದ್ರನ ಗುರುವೂ ಕಾಂಚಿಯವನೂ ಆದ ಧರ್ಮಪಾಲನ ನಿವಾಸದ ಉತ್ತರಕ್ಕಿದ್ದ ಮನೆಯೊಂದು ಅವನದಾಯಿತು. ದಿನವೊಂದಕ್ಕೆ ಇಪ್ಪತ್ತು ಅಡಕೆ, ಇಪ್ಪತ್ತು ಜಾಯಿಕಾಯಿ, ಸ್ವಲ್ಪ ಕರ್ಪೂರ ಮತ್ತು ಮಹಾಶಾಲಿ ಅಕ್ಕಿ ಬರುತ್ತಿದ್ದವು. ಈ ಅಕ್ಕಿಯ ಕಾಳು ಕರಿಯ ಅವರೆಯಷ್ಟು ದಪ್ಪ; ಬೇಯುವಾಗ ಪರಿಮಳ ಹರಡುತ್ತಿತ್ತು; ಮಗಧದಲ್ಲಿ ಮಾತ್ರ ಬೆಳೆಯುತ್ತಿದ್ದ ಅದು ರಾಜರಿಗೂ ಮಹಾವಿದ್ವಾಂಸರಿಗೂ ಮೀಸಲು. ತಿಂಗಳಿಗೆ ಎಣ್ಣೆ, ಬೇಕಾದಷ್ಟು ಬೆಣ್ಣೆ, ಪರಿಚರ್ಯೆಗೆ ಒಬ್ಬ ಉಪಾಸಕ ಮತ್ತು ಒಬ್ಬ ಬ್ರಾಹ್ಮಣ, ಹೊರಗೆ ಹೋಗುವಾಗ ಆನೆಯ ವಾಹನ. ಹತ್ತು ಸಾವಿರ ನಿವಾಸಿಗಳಲ್ಲಿ ಈ ಮರ್ಯಾದೆ ಅವನೂ ಸೇರಿ ಹತ್ತು ಜನಕ್ಕೆ ಮಾತ್ರ.

ಈ ಔದಾರ್ಯಕ್ಕೆ ಆಧಾರವಾಗಿದ್ದುದು ರಾಜದತ್ತವಾದ ನೂರಕ್ಕೂ ಹೆಚ್ಚು ಗ್ರಾಮಗಳು. ಅವುಗಳ ಒಕ್ಕಲುಗಳು ದಿನವೂ ಅಕ್ಕಿ, ಹಾಲು, ಬೆಣ್ಣೆಗಳನ್ನು ತಂದೊಪ್ಪಿಸುತ್ತಿದ್ದರು. ವಿದ್ಯಾರ್ಥಿಗೆ ಹೊಟ್ಟೆಯ ಚಿಂತೆಯಿಲ್ಲದಂತೆ ಮಾಡಿದವನು ಅಕ್ಷರವರಿಯದ ಮಗಧದ ರೈತನು; ಮೂರನೆಯ ಋಣವೊಂದಿದ್ದರೆ ಅದು ಅವನದು. ಅನ್ನ ಸುಲಭವಾಗಿದ್ದರೂ ಪ್ರವೇಶ ಸುಲಭವಾಗಿರಲಿಲ್ಲ. ಪರದೇಶಗಳಿಂದ ಬಂದವರನ್ನು ದ್ವಾರದಲ್ಲಿಯೇ ಪ್ರಶ್ನಿಸುತ್ತಿದ್ದರು. ಹತ್ತರಲ್ಲಿ ಏಳೆಂಟು ಮಂದಿ ಹಿಂದಿರುಗುತ್ತಿದ್ದರು.

ಶೀಲಭದ್ರನು ತಾನೇ ಕುಳಿತು ಯೋಗಾಚಾರಭೂಮಿಯನ್ನು ಪ್ರವಚನ ಮಾಡಿದನು; ಅದು ಮುಗಿಯಲು ಹದಿನೈದು ತಿಂಗಳು ಹಿಡಿಯಿತು. ಶಿಷ್ಯನು ಆ ಗ್ರಂಥವನ್ನು ಮೂರು ಸಲ ಕೇಳಿದನು. ನ್ಯಾಯ, ವ್ಯಾಕರಣ, ಬ್ರಾಹ್ಮಣಶಾಸ್ತ್ರಗಳನ್ನೂ ಅಭ್ಯಾಸ ಮಾಡಿ ಅಲ್ಲಿ ಒಟ್ಟು ಐದು ವರ್ಷ ಇದ್ದನು.

ಊರಿಗೆ ಹಿಂದಿರುಗುವೆನೆಂದಾಗ ಸಂಘದವರು ಒಪ್ಪಲಿಲ್ಲ. ಬುದ್ಧನು ಹುಟ್ಟಿದ ನಾಡನ್ನು ಬಿಟ್ಟು ಹೋಗುವುದು ಸಲ್ಲದೆಂದರು. ಮಾತು ಶೀಲಭದ್ರನವರೆಗೆ ಹೋಯಿತು. ಕೇಳಿದುದನ್ನೆಲ್ಲ ಭಾಷಾಂತರಿಸಿ, ಕೇಳಬೇಕೆಂಬ ಪುಣ್ಯವುಳ್ಳವರಿಗೆ ಮುಟ್ಟಿಸುವುದೇ ಗುರುವಿನ ಉಪಕಾರಕ್ಕೆ ಪ್ರತ್ಯುಪಕಾರವೆಂದು ಯಾತ್ರಿಕನು ಬಿನ್ನವಿಸಿದನು. ಗುರುವು ಸಂತೋಷಪಟ್ಟು, ತನ್ನ ಮನಸ್ಸಿನಲ್ಲಿದ್ದುದೂ ಇದೇ ಎಂದು ಹೇಳಿ, ತಡೆಯಬೇಡಿರೆಂದು ಉಳಿದವರಿಗೆ ಆಜ್ಞಾಪಿಸಿದನು. ಯಾರಿಗಾಗಿ ಜೀವ ಹಿಡಿದಿದ್ದನೋ ಅವನನ್ನು ಕಳುಹಿಸಿಕೊಟ್ಟ ಈ ಮಾತೇ ಅವನ ಆತಿಥ್ಯದ ಪರಮಾವಧಿ.

ಶಿಷ್ಯನು ಮಾತಿಗೆ ತಪ್ಪಲಿಲ್ಲ. ೬೪೫ರಲ್ಲಿ ೬೫೭ ಗ್ರಂಥಗಳೊಡನೆ ರಾಜಧಾನಿಯನ್ನು ಸೇರಿ, ೬೪೮ರ ಹೊತ್ತಿಗೆ ಯೋಗಾಚಾರಭೂಮಿಯನ್ನು ನೂರು ಸಂಪುಟಗಳಲ್ಲಿ ಚೀನೀ ಭಾಷೆಗೆ ತಂದನು. ೬೫೪ರಲ್ಲಿ ನಾಲಂದೆಯ ಜ್ಞಾನಪ್ರಭನಿಗೆ ಬರೆದ ಪತ್ರದಲ್ಲಿ, ದೂತನಿಂದ ತಿಳಿದ ಶೀಲಭದ್ರನ ಮರಣಕ್ಕಾಗಿ ಶೋಕಿಸಿ, ಸಿಂಧೂ ನದಿಯನ್ನು ದಾಟುವಾಗ ಕಳೆದುಹೋದ ಒಂದು ಹೊರೆ ಗ್ರಂಥಗಳ ಪಟ್ಟಿಯನ್ನಿಟ್ಟು, ಸಾಧ್ಯವಾದರೆ ಮತ್ತೆ ಕಳುಹಿಸಬೇಕೆಂದು ಬೇಡಿದನು. ೬೬೪ರಲ್ಲಿ ಮರಣ ಹೊಂದುವವರೆಗೂ ಅವನು ಭಾಷಾಂತರದ ಕೆಲಸದಲ್ಲಿಯೇ ಕಾಲ ಕಳೆದನು.

ಮುಂದೆ ನಾಲಂದೆ ಹಾಳಾಯಿತು. ಯೋಗಾಚಾರಭೂಮಿಯ ಸಂಸ್ಕೃತಮೂಲವು ಭಾರತದ ಪಾಠಶಾಲೆಗಳಿಂದ ಮರೆಯಾಯಿತು. ೧೯೩೦ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟಿನ ವಿಹಾರದಲ್ಲಿ ಅದರ ತಾಳೆಯೋಲೆಗಳನ್ನು ಕಂಡುಹಿಡಿಯುವವರೆಗೂ, ಶೀಲಭದ್ರನು ಕಲಿಸಿದ ಗ್ರಂಥವು ಪೂರ್ಣರೂಪದಲ್ಲಿ ಬದುಕಿದ್ದುದು ಪರಭಾಷೆಗಳಲ್ಲಿಯೇ. ಮನೆಯು ಸುಟ್ಟುಹೋದರೂ ಅತಿಥಿಯ ಕೈಯಲ್ಲಿ ಕೊಟ್ಟುದು ಉಳಿಯಿತು. ಋಣವು ಹೀಗೆ ಸಂದಿತು.