ಬೆಚ್ಚನೆಯ ನೆಲ, ಎತ್ತರದ ಮಂಚ

ದಕ್ಷಿಣ ಕೊರಿಯಾದಲ್ಲಿ ಕೆಲಸಕ್ಕಿರುವ ಮಕ್ಕಳನ್ನು ನೋಡಿಬರಲು ಹೊರಡುವ ನನ್ನ ವಯಸ್ಸಿನವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: ಸಿಯೋಲಿನಲ್ಲಿ ಹೋಟೆಲಿನಲ್ಲಿ ಇಳಿದುಕೊಳ್ಳುವುದೋ, 'ಹಾನೋಕ್' ಎಂದು ಕರೆಯುವ ಹಳೆಯ ಮಾದರಿಯ ಮನೆಯಲ್ಲಿ ತಂಗುವುದೋ? ದರಪಟ್ಟಿ ನೋಡಿ ಉತ್ತರ ಹೇಳಿಬಿಡಬಹುದು. ಆದರೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿದವನಿಗೆ ಅಷ್ಟಕ್ಕೆ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಆ ದೇಶದಲ್ಲಿ ದಾರಿಹೋಕನು ಎಲ್ಲಿ ಮಲಗುತ್ತಿದ್ದನೆಂಬುದು ಒಂದು ದೊಡ್ಡ ಕಥೆ.

ಜೋಸೋನ್ ರಾಜವಂಶದ ಆಳ್ವಿಕೆ 1392ರಲ್ಲಿ ಆರಂಭವಾಯಿತು. ಆ ಕಾಲದ ರಾಜಮಾರ್ಗಗಳಲ್ಲಿ ಕುದುರೆ ಬದಲಿಸುವ ಅಂಚೆಠಾಣೆಗಳಿದ್ದವು. ರಾಜಕಾರ್ಯಕ್ಕೆ ಹೊರಟ ಅಧಿಕಾರಿಯ ಬಳಿ ಒಂದು ಲೋಹದ ಬಿಲ್ಲೆ ಇರುತ್ತಿತ್ತು. ಅದರ ಮೇಲೆ ಎಷ್ಟು ಕುದುರೆಗಳ ಚಿತ್ರ ಕೆತ್ತಿದೆಯೋ ಅಷ್ಟು ಕುದುರೆ ಪಡೆಯಲು ಮಾತ್ರ ಅವನಿಗೆ ಹಕ್ಕು. ದುರುಪಯೋಗ ತಡೆಯಲು ಎಂಥ ಸರಳ ಉಪಾಯ ನೋಡಿ! ಅಂಥ ಪ್ರಯಾಣಿಕರ ವಸತಿಗಾಗಿ 'ವೋನ್' ಎಂಬ ಸರಕಾರಿ ತಂಗುದಾಣಗಳಿದ್ದವು. ಅವುಗಳ ಖರ್ಚಿಗೆ ಜಮೀನನ್ನೂ ಬಿಟ್ಟುಕೊಡಲಾಗುತ್ತಿತ್ತು. ಇಂದು ವಿದೇಶಿಯರಿಂದ ಗಿಜಿಗುಡುವ ಸಿಯೋಲಿನ ಇಟೇವೋನ್ ಬಡಾವಣೆಯ ಹೆಸರಿನ ಕೊನೆಯಲ್ಲಿರುವುದು ಈ 'ವೋನ್' ಶಬ್ದವೇ. ಜೋಚಿವೋನ್, ಉತ್ತರ ಕೊರಿಯಾದ ಸಾರಿವೋನ್ ಊರುಗಳ ಹೆಸರೂ ಹಾಗೆಯೇ. ಕಟ್ಟಡಗಳು ಮಣ್ಣುಪಾಲಾದರೂ ಹೆಸರು ಉಳಿದುಕೊಂಡಿತು.

1592ರಿಂದ 1598ರವರೆಗೆ ಜಪಾನೀಯರ ದಂಡಯಾತ್ರೆಯಿಂದ ಕೊರಿಯಾ ಜರ್ಜರಿತವಾಯಿತು. ಆ ಬಳಿಕ ಈ ಸರಕಾರಿ ವಸತಿಗಳು ಕ್ಷೀಣಿಸಿ, 'ಜುಮಾಕ್' ಎಂಬ ಖಾಸಗಿ ಅಂಗಡಿಮನೆಗಳು ಬೆಳೆದವು. ಅಲ್ಲಿ ಊಟಕ್ಕೂ ಪಾನೀಯಕ್ಕೂ ಹಣ ಕೊಟ್ಟರೆ ಸಾಕು, ಮಲಗಲು ಬೇರೆ ಬಾಡಿಗೆ ಇರಲಿಲ್ಲ. ಒಂದೇ ಕೋಣೆಯಲ್ಲಿ ವ್ಯಾಪಾರಿ, ಹೊರೆಯಾಳು, ಪರೀಕ್ಷೆಗೆಂದು ರಾಜಧಾನಿಗೆ ಹೊರಟ ವಿದ್ಯಾರ್ಥಿ ಎಲ್ಲರೂ ಒತ್ತೊತ್ತಾಗಿ ಮಲಗುತ್ತಿದ್ದರು. ಯೆಚೋನ್ ಎಂಬಲ್ಲಿ, ಮೂರು ನದಿಗಳು ಕೂಡುವ ಸಾಮ್‌ಗಾಂಗ್ ದೋಣಿಗಟ್ಟೆಯ ಬಳಿ, 1900ರ ಸುಮಾರಿಗೆ ಕಟ್ಟಿದ ಅಂಥದೊಂದು ಜುಮಾಕ್ ಇಂದಿಗೂ ಇದೆ. ಅದರ ಕೊನೆಯ ಒಡತಿ 2005ರಲ್ಲಿ ತೀರಿಕೊಂಡರು. ಆಕೆಗೆ ಅಕ್ಷರ ಬಾರದು. ಸಾಲದ ಲೆಕ್ಕವನ್ನು ಅಡುಗೆಮನೆಯ ಮಣ್ಣಿನ ಗೋಡೆಯ ಮೇಲೆ ಗೀರಿ ಇಡುತ್ತಿದ್ದರು: ಒಂದು ಬಟ್ಟಲಿಗೆ ಗಿಡ್ಡ ಗೀಟು, ಒಂದು ಹೂಜಿಗೆ ಉದ್ದ ಗೀಟು, ಸಾಲ ತೀರಿದರೆ ಅಡ್ಡಗೀಟು. ಗೋಡೆಯ ಮೇಲೆ ಆ ಗೀಟುಗಳು ಈಗಲೂ ಇವೆ. ಅನಕ್ಷರಸ್ಥರಿಗೆ ಲೆಕ್ಕ ಬಾರದೆಂದು ತಿಳಿಯುವ ನಮ್ಮಂಥ ಮೇಷ್ಟ್ರುಗಳು ನೋಡಲೇಬೇಕಾದ ಗೋಡೆ ಅದು.

ಈ ಎಲ್ಲ ಮನೆಗಳ ಜೀವಾಳವೆಂದರೆ 'ಒಂದೋಲ್', ಅಂದರೆ ಬಿಸಿನೆಲ. ಒಲೆಯ ಹೊಗೆಯೂ ಶಾಖವೂ ನೇರವಾಗಿ ಮೇಲಕ್ಕೆ ಹೋಗದೆ, ನೆಲದಡಿಯ ಕಾಲುವೆಗಳಲ್ಲಿ ಹರಿದು, ಮೇಲೆ ಹಾಸಿದ ಕಲ್ಲುಚಪ್ಪಡಿಗಳನ್ನು ಕಾಯಿಸಿ, ಕೋಣೆಯ ಮತ್ತೊಂದು ಕಡೆಯ ಚಿಮಣಿಯಿಂದ ಹೊರಬೀಳುತ್ತದೆ. ಚಪ್ಪಡಿಯ ಮೇಲೆ ಮಣ್ಣು, ಅದರ ಮೇಲೆ ಎಣ್ಣೆ ಹಾಕಿದ ದಪ್ಪ ಕಾಗದ. ಒಲೆಗೆ ಹತ್ತಿರವಾದ ಜಾಗವೇ ಹೆಚ್ಚು ಬೆಚ್ಚಗಿರುವುದರಿಂದ ಅದು ಹಿರಿಯರಿಗೆ, ಅತಿಥಿಗಳಿಗೆ ಮೀಸಲು. ಹೀಗೆ ಕೋಣೆಯೊಳಗಿನ ಮರ್ಯಾದೆಯ ಕ್ರಮವನ್ನು ಒಲೆಯೇ ನಿರ್ಧರಿಸುತ್ತಿತ್ತು. 1894ರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ ಹಲವು ಬಾರಿ ಕೊರಿಯಾಕ್ಕೆ ಬಂದ ಇಂಗ್ಲಿಷ್ ಪ್ರವಾಸಿ ಇಸಬೆಲಾ ಬರ್ಡ್ ಬಿಷಪ್ ಅವರಿಗೆ ಮಾತ್ರ ಈ ಬಿಸಿ ಹಿಡಿಸಲಿಲ್ಲ. ಕುದುರೆಗಳಿಗೆ ಮೇವು ಬೇಯಿಸುವ ಒಲೆಯೇ ನೆಲವನ್ನೂ ಕಾಯಿಸುತ್ತಿದ್ದುದರಿಂದ ಕೋಣೆ ಕುಲುಮೆಯಂತಾಗುತ್ತಿತ್ತು. ಕ್ರಿಮಿಕೀಟಗಳ ಕಾಟ ಬೇರೆ. ಆಗ ಆಕೆಗೆ ಅರವತ್ತು ದಾಟಿತ್ತೆಂಬುದನ್ನು ನೆನೆದರೆ ದೂರಿಗಿಂತ ಧೈರ್ಯವೇ ದೊಡ್ಡದೆನಿಸುತ್ತದೆ.

ಇಂಥ ಪಾಶ್ಚಾತ್ಯ ಪ್ರವಾಸಿಗರಿಗೆಂದೇ ಮಂಚವುಳ್ಳ ಹೋಟೆಲು ಬಂತು. ಇಂಚಿಯಾನ್ ಬಂದರಿನಲ್ಲಿ ಜಪಾನೀಯನೊಬ್ಬ 1888ರಲ್ಲಿ ಮೂರಂತಸ್ತಿನ ಇಟ್ಟಿಗೆಯ ದೇಬುಲ್ ಹೋಟೆಲನ್ನು ಕಟ್ಟಿಸಿದ. ಹಡಗಿನಿಂದ ಇಳಿದವರಿಗೆ ಸಿಯೋಲ್ ತಲುಪಲು ಒಂದು ಇಡೀ ದಿನ ಬೇಕಾಗುತ್ತಿದ್ದುದರಿಂದ ಒಂದು ರಾತ್ರಿ ಅಲ್ಲಿ ಕಳೆಯುವುದು ಅನಿವಾರ್ಯ. 1899ರಲ್ಲಿ ರೈಲು ಆರಂಭವಾಗಿ, ಮರುವರ್ಷ ಸಿಯೋಲ್ ಮುಟ್ಟಿತು. ಹೋಟೆಲಿನ ಅದೃಷ್ಟ ಅಲ್ಲಿಗೆ ಮುಗಿಯಿತು. ಮುಂದೆ ಅದು ಚೀನೀಯರ ಊಟದ ಮನೆಯಾಗಿ, 1978ರಲ್ಲಿ ನೆಲಸಮವಾಗಿ, 2018ರಲ್ಲಿ ವಸ್ತುಪ್ರದರ್ಶನದ ಕಟ್ಟಡವಾಗಿ ಮತ್ತೆ ಎದ್ದು ನಿಂತಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಸಿಯೋಲಿನ ಚೋಸನ್ ಹೋಟೆಲಿನ ಕಥೆ. 1897ರಲ್ಲಿ ದೊರೆ ಗೋಜೊಂಗ್ ತನ್ನ ದೇಶವು ಯಾರ ಅಧೀನವೂ ಅಲ್ಲವೆಂದು ಸಾರಲು, ಸ್ವರ್ಗಕ್ಕೆ ಪೂಜೆ ಸಲ್ಲಿಸುವ ವೇದಿಕೆಯೊಂದನ್ನು ಕಟ್ಟಿಸಿ, ಅಲ್ಲಿಯೇ ಚಕ್ರವರ್ತಿಯಾದನು. ಸ್ವರ್ಗಪೂಜೆ ಅದುವರೆಗೆ ಚೀನಾದ ಚಕ್ರವರ್ತಿಯ ಹಕ್ಕೆನಿಸಿತ್ತು. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. 1913ರಲ್ಲಿ ಆ ವೇದಿಕೆಯನ್ನು ಕೆಡವಿ, ಅದೇ ನಿವೇಶನದಲ್ಲಿ ವಸಾಹತು ಸರಕಾರದ ರೈಲ್ವೆ ಇಲಾಖೆ 1914ರಲ್ಲಿ ಹೋಟೆಲು ತೆರೆಯಿತು. ಊರಲ್ಲಿ ಬೇರೆ ಜಾಗವಿರಲಿಲ್ಲವೆಂದು ನಂಬುವುದು ಕಷ್ಟ. ಆ ಮೊದಲ ಕಟ್ಟಡವೂ ಈಗಿಲ್ಲ, ಇಂದಿನದು 1970ರದು.

ಹಾಗಾದರೆ ಹಾನೋಕ್ ಮನೆಯೇ ಶುದ್ಧ ಪರಂಪರೆಯೆನ್ನೋಣವೇ? ಅಲ್ಲೂ ಒಂದು ತಿರುವುಂಟು. ಪ್ರವಾಸಿಗರು ಪ್ರಾಚೀನವೆಂದು ಚಿತ್ರ ತೆಗೆದುಕೊಳ್ಳುವ ಸಿಯೋಲಿನ ಬುಕ್ಚೋನ್ ಮನೆಗಳಲ್ಲಿ ಹೆಚ್ಚಿನವು 1930ರ ದಶಕದವು. ಅಂದರೆ ಆ ಮೊದಲ ಹೋಟೆಲಿಗಿಂತ ಚಿಕ್ಕವು. ಜಪಾನೀಯರ ವಸತಿ ಉತ್ತರದ ಕಡೆಗೆ ಹಬ್ಬತೊಡಗಿದಾಗ, ಜೊಂಗ್ ಸೆಗ್ವೋನ್ ಎಂಬ ಕೊರಿಯಾದ ಗೃಹನಿರ್ಮಾಣ ವ್ಯಾಪಾರಿ ಶ್ರೀಮಂತರ ದೊಡ್ಡ ನಿವೇಶನಗಳನ್ನು ಕೊಂಡು, ತುಂಡು ಮಾಡಿ, ಸಾಲುಸಾಲಾಗಿ ಪುಟ್ಟ ಹಾನೋಕ್‌ಗಳನ್ನು ಕಟ್ಟಿ ತನ್ನ ಜನರಿಗೆ ಮಾರಿದನು. ಗಳಿಸಿದ ಹಣದಲ್ಲಿ ಕೊರಿಯಾ ಭಾಷೆಯ ನಿಘಂಟು ಸಿದ್ಧಪಡಿಸುತ್ತಿದ್ದ ಭಾಷಾ ಪರಿಷತ್ತಿಗೆ 1935ರಲ್ಲಿ ಕಟ್ಟಡವನ್ನೇ ಕೊಟ್ಟನು. 1942ರಲ್ಲಿ ಆ ಪರಿಷತ್ತಿನ ಮೇಲೆ ವಸಾಹತು ಪೊಲೀಸರು ಎರಗಿದಾಗ ಅವನೂ ಸೆರೆಯಾಗಿ ಹಿಂಸೆ ಅನುಭವಿಸಿದನು. ನುಡಿಗಾಗಿ ಮನೆ ಕಟ್ಟಿಕೊಟ್ಟ ವ್ಯಾಪಾರಿ! ಆ ಓಣಿಗಳಲ್ಲಿ ನಡೆಯುವಾಗ ಹೆಂಚಿನ ಅಂದಕ್ಕಿಂತ ಈ ಸಂಗತಿಯೇ ನನ್ನ ಮನಸ್ಸಿನಲ್ಲಿತ್ತು.

ನಾವು ಹೋದಾಗ ಎರಡು ರಾತ್ರಿ ಹಾನೋಕ್‌ನಲ್ಲಿ, ಉಳಿದ ದಿನ ಹೋಟೆಲಿನಲ್ಲಿ ಉಳಿದೆವು. ನನ್ನಾಕೆಗೆ ಮಂಡಿನೋವು. ಬಿಸಿನೆಲದ ಮೇಲೆ ತೆಳು ಹಾಸಿಗೆ ಹಾಕಿ ಮಲಗಿದಾಗ ಬೆನ್ನಿಗೆ ಹಿತವಾಯಿತು, ಆದರೆ ಬೆಳಿಗ್ಗೆ ನೆಲದಿಂದ ಏಳುವಾಗ ಇಬ್ಬರೂ ಗೋಡೆ ಹಿಡಿಯಬೇಕಾಯಿತು. ಕಾಗದದ ಬಾಗಿಲುಗಳಾದ್ದರಿಂದ ಪಕ್ಕದ ಕೋಣೆಯವರ ಕೆಮ್ಮೂ ಕೇಳಿಸುತ್ತದೆ. ಈಗ ಸೌದೆಯ ಒಲೆ ಅಪರೂಪ, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ಮಂಡಿ ಗಟ್ಟಿಯಿರುವವರು ಚಳಿಗಾಲದಲ್ಲಿ ಹಾನೋಕ್ ಆರಿಸಿಕೊಳ್ಳಿ. ಬೇಸಗೆಯಲ್ಲಿ ಹೋದರೆ ಅದರ ಅರ್ಧ ಗುಣ ತಿಳಿಯುವುದೇ ಇಲ್ಲ. ಮಂಚವೇ ಬೇಕೆನ್ನುವವರಿಗೆ ಮಂಚ ಹಾಕಿದ ಹಾನೋಕ್‌ಗಳೂ ಉಂಟು, ಕೇಳಿ ಕಾದಿರಿಸಬೇಕು.

ಬುಕ್ಚೋನ್‌ನಲ್ಲಿ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆಂಬುದನ್ನು ಮರೆಯಬಾರದು. ಪ್ರವಾಸಿಗರ ಗದ್ದಲ ತಾಳಲಾರದೆ ಹಲವರು ಮನೆ ಬಿಟ್ಟರು. ಆದ್ದರಿಂದ 2024ರ ನವೆಂಬರಿನಿಂದ ಅಲ್ಲಿನ ಮುಖ್ಯ ಓಣಿಗೆ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರ ಪ್ರವೇಶವನ್ನು ನಿರ್ಬಂಧಿಸಿ, 2025ರ ಮಾರ್ಚ್‌ನಿಂದ ದಂಡವನ್ನೂ ಜಾರಿಗೆ ತಂದರು. ಅಲ್ಲಿಯೇ ತಂಗಿರುವವರಿಗೆ ವಿನಾಯಿತಿ ಇದೆ, ಆದರೂ ರಾತ್ರಿ ಚಕ್ರದ ಪೆಟ್ಟಿಗೆಯನ್ನು ಕಲ್ಲುಹಾಸಿನ ಮೇಲೆ ದಡದಡ ಎಳೆಯದೆ ಎತ್ತಿಕೊಂಡು ಹೋಗುವುದು ಒಳ್ಳೆಯದು.

ಇನ್ನು ಚೋಸನ್ ಹೋಟೆಲಿನ ಮಾತು. ಪೂಜಾವೇದಿಕೆಯ ಜೊತೆಗೆ 1899ರಲ್ಲಿ ಕಟ್ಟಿದ ಎಂಟುಮೂಲೆಯ ಮೂರು ಸೂರಿನ ಗುಡಿ ಮಾತ್ರ ಕೆಡವುವವರ ಕೈಯಿಂದ ಪಾರಾಗಿ, ಎತ್ತರದ ಕಟ್ಟಡಗಳ ನಡುವೆ ಹೋಟೆಲಿನ ಬೆನ್ನಿಗೆ ನಿಂತಿದೆ. ಅದನ್ನು ನೋಡಲು ಆ ದುಬಾರಿ ಹೋಟೆಲಿನಲ್ಲಿ ಇಳಿಯಬೇಕಾಗಿಲ್ಲ. ಸಿಯೋಲ್ ನಗರಸಭಾ ಭವನದ ಕಡೆಯಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುತ್ತದೆ.