ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆ

ಮಾನವ ಮತ್ತು ನಾಗರಿಕ ಹಕ್ಕುಗಳ ಘೋಷಣೆಯು ಫ್ರೆಂಚ್ ಕ್ರಾಂತಿಯ ಆರಂಭಕಾಲದಲ್ಲಿ, 1789ರ ಆಗಸ್ಟ್ 26ರಂದು, ಫ್ರಾನ್ಸಿನ ರಾಷ್ಟ್ರೀಯ ಸಂವಿಧಾನ ಸಭೆಯು ಅಂಗೀಕರಿಸಿದ ದಾಖಲೆ. ಇದರಲ್ಲಿ ಒಂದು ಪೀಠಿಕೆ ಹಾಗೂ 17 ವಿಧಿಗಳಿವೆ. ಹಕ್ಕುಗಳು ಅರಸನು ಪ್ರಜೆಗಳಿಗೆ ದಯಪಾಲಿಸುವ ಸವಲತ್ತುಗಳಲ್ಲ, ಅವು ಹುಟ್ಟಿನಿಂದಲೇ ಮನುಷ್ಯನಿಗೆ ಸೇರಿದವು ಎಂಬ ವಿಚಾರವನ್ನು ಈ ಘೋಷಣೆ ರಾಜ್ಯಾಡಳಿತದ ತಳಹದಿಯಾಗಿ ಸಾರಿತು. ಆದರೆ ಅದನ್ನು ರೂಪಿಸಿದವರೇ ಮಹಿಳೆಯರನ್ನು, ಬಡವರನ್ನು ಹಾಗೂ ವಸಾಹತುಗಳ ಗುಲಾಮರನ್ನು ಅದರ ಪೂರ್ಣ ಪ್ರಯೋಜನದಿಂದ ದೂರವಿಟ್ಟರು. ಹೀಗೆ ಹೊರಗುಳಿದವರು ಅದೇ ಘೋಷಣೆಯ ತತ್ತ್ವಗಳನ್ನು ಮುಂದಿಟ್ಟು ನಡೆಸಿದ ಹೋರಾಟಗಳು ಮಾನವ ಹಕ್ಕುಗಳ ಪರಿಕಲ್ಪನೆಯನ್ನು ವಿಸ್ತರಿಸಿದವು.

ಹಿನ್ನೆಲೆ

ಅರಸೊತ್ತಿಗೆಯ ಅಧಿಕಾರಕ್ಕೆ ಮಿತಿ ಹಾಕಿದ ದಾಖಲೆಗಳು ಇದಕ್ಕೂ ಮುಂಚೆ ಇದ್ದವು. 1689ರ ಇಂಗ್ಲೆಂಡಿನ ಹಕ್ಕುಗಳ ಮಸೂದೆಯು ಅವುಗಳಲ್ಲಿ ಮುಖ್ಯವಾದುದು. ಅದು ಆಂಗ್ಲರಿಗೆ ಪರಂಪರೆಯಿಂದ ಬಂದ ಹಕ್ಕುಗಳನ್ನು ದೃಢಪಡಿಸಿತೇ ಹೊರತು ಸಕಲ ಮನುಷ್ಯರ ಹಕ್ಕುಗಳ ಪ್ರಸ್ತಾಪ ಮಾಡಲಿಲ್ಲ. 1776ರ ವರ್ಜೀನಿಯಾ ಹಕ್ಕುಗಳ ಘೋಷಣೆ ಮತ್ತು ಅಮೆರಿಕದ ಸ್ವಾತಂತ್ರ್ಯ ಘೋಷಣೆಗಳು ಸಹಜ ಹಕ್ಕುಗಳ ಭಾಷೆಯನ್ನು ಬಳಸಿದವು. ಜಾನ್ ಲಾಕ್, ಮಾಂಟೆಸ್ಕ್ಯೂ ಹಾಗೂ ರೂಸೋ ಅವರ ಬರಹಗಳು ಈ ಚಿಂತನೆಗೆ ತಾತ್ತ್ವಿಕ ಆಧಾರ ಒದಗಿಸಿದ್ದವು.

ಕ್ರಾಂತಿಪೂರ್ವ ಫ್ರಾನ್ಸಿನ ಸಮಾಜವು ಪಾದ್ರಿವರ್ಗ, ಕುಲೀನವರ್ಗ ಹಾಗೂ ಉಳಿದವರೆಲ್ಲರನ್ನೂ ಒಳಗೊಂಡ ಮೂರನೆಯ ವರ್ಗ ಎಂದು ವಿಂಗಡಣೆಗೊಂಡಿತ್ತು. ಮೊದಲೆರಡು ವರ್ಗಗಳು ಹಲವು ತೆರಿಗೆಗಳಿಂದ ವಿನಾಯಿತಿ ಪಡೆದಿದ್ದವು. ಸಾಲದಲ್ಲಿ ಮುಳುಗಿದ್ದ ಹದಿನಾರನೆಯ ಲೂಯಿಯು 1789ರ ಮೇ 5ರಂದು ವರ್ಸೈಲ್ಸ್‌ನಲ್ಲಿ ಮೂರೂ ವರ್ಗಗಳ ಪ್ರತಿನಿಧಿಗಳ ಮಹಾಸಭೆಯನ್ನು ಕರೆದನು. ಮತಗಳನ್ನು ವರ್ಗವಾರು ಎಣಿಸಬೇಕೋ ತಲೆವಾರು ಎಣಿಸಬೇಕೋ ಎಂಬ ವಿವಾದ ಬಗೆಹರಿಯದಿದ್ದಾಗ, ಜೂನ್ 17ರಂದು ಮೂರನೆಯ ವರ್ಗದ ಪ್ರತಿನಿಧಿಗಳು ತಮ್ಮನ್ನೇ ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡರು. ಜುಲೈ 14ರಂದು ಪ್ಯಾರಿಸ್ಸಿನ ಜನರು ಬ್ಯಾಸ್ಟಿಲ್ ಕೋಟೆಯನ್ನು ವಶಪಡಿಸಿಕೊಂಡರು. ಗ್ರಾಮಾಂತರ ಪ್ರದೇಶಗಳಲ್ಲಿ ರೈತರ ದಂಗೆಗಳು ಹಬ್ಬಿದವು. ಇವುಗಳ ಒತ್ತಡದಲ್ಲಿ ಆಗಸ್ಟ್ 4ರ ರಾತ್ರಿ ಸಭೆಯು ಊಳಿಗಮಾನ್ಯ ವಿಶೇಷಾಧಿಕಾರಗಳನ್ನು ಕೊನೆಗೊಳಿಸುವ ನಿರ್ಧಾರ ಕೈಗೊಂಡಿತು. ಹಳೆಯ ವ್ಯವಸ್ಥೆ ಕುಸಿದ ಮೇಲೆ ಹೊಸ ಆಡಳಿತಕ್ಕೆ ಹೊಸ ಆಧಾರ ಬೇಕಾಯಿತು.

ರಚನೆ

ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಹೋರಾಡಿದ್ದ ಲಫಾಯೆಟ್ ಜುಲೈ 11ರಂದು ಸಭೆಯ ಮುಂದೆ ಒಂದು ಕರಡನ್ನು ಮಂಡಿಸಿದನು. ಆಗ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್‌ನ ಸಲಹೆಯನ್ನು ಅವನು ಪಡೆದಿದ್ದನು. ಸಿಯೇಸ್, ಮಿರಾಬೊ ಮೊದಲಾದವರೂ ರಚನೆಯಲ್ಲಿ ಪಾಲ್ಗೊಂಡರು. ಹಕ್ಕುಗಳ ಜೊತೆಗೆ ಕರ್ತವ್ಯಗಳನ್ನೂ ಘೋಷಿಸಬೇಕೆಂಬ ಸಲಹೆಯನ್ನು ಸಭೆ ತಿರಸ್ಕರಿಸಿತು. ಅರಸನು ಘೋಷಣೆಗೆ ಕೂಡಲೇ ಸಮ್ಮತಿ ನೀಡಲಿಲ್ಲ. ರೊಟ್ಟಿಯ ಅಭಾವದಿಂದ ಕೆರಳಿದ ಪ್ಯಾರಿಸ್ಸಿನ ಸಾವಿರಾರು ಮಹಿಳೆಯರು ಅಕ್ಟೋಬರ್ 5ರಂದು ವರ್ಸೈಲ್ಸ್‌ಗೆ ಮೆರವಣಿಗೆಯಲ್ಲಿ ಬಂದಾಗ ಅವನು ಮಣಿದನು. ಹೀಗೆ ರಾಜಸಮ್ಮತಿ ದೊರೆಯಲು ಮಹಿಳೆಯರು ಕಾರಣರಾದರೂ, ಘೋಷಣೆಯ ಫಲವಾಗಿ ಅವರಿಗೆ ರಾಜಕೀಯ ಹಕ್ಕು ದೊರೆಯಲಿಲ್ಲ.

ಮುಖ್ಯ ಅಂಶಗಳು

* ಮನುಷ್ಯರು ಹುಟ್ಟಿನಿಂದ ಸ್ವತಂತ್ರರು ಮತ್ತು ಹಕ್ಕುಗಳಲ್ಲಿ ಸಮಾನರು (1ನೆಯ ವಿಧಿ).
* ಸ್ವಾತಂತ್ರ್ಯ, ಆಸ್ತಿ, ಸುರಕ್ಷತೆ ಹಾಗೂ ದಬ್ಬಾಳಿಕೆಗೆ ಪ್ರತಿರೋಧ ಇವು ಸಹಜ ಹಕ್ಕುಗಳು (2ನೆಯ ವಿಧಿ).
* ಪರಮಾಧಿಕಾರದ ಮೂಲ ರಾಷ್ಟ್ರದಲ್ಲಿದೆ (3ನೆಯ ವಿಧಿ). ಕಾನೂನು ಸಾರ್ವತ್ರಿಕ ಇಚ್ಛೆಯ ಅಭಿವ್ಯಕ್ತಿ (6ನೆಯ ವಿಧಿ).
* ಕಾನೂನಿಗೆ ಹೊರತಾದ ಬಂಧನ ಸಲ್ಲದು. ತಪ್ಪಿತಸ್ಥನೆಂದು ನಿರ್ಣಯವಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿ (7 ರಿಂದ 9ನೆಯ ವಿಧಿಗಳು).
* ಧಾರ್ಮಿಕ ಅಭಿಪ್ರಾಯವೂ ಸೇರಿದಂತೆ ಅಭಿಪ್ರಾಯ ಸ್ವಾತಂತ್ರ್ಯ ಹಾಗೂ ಮಾತು, ಬರಹ, ಮುದ್ರಣಗಳ ಸ್ವಾತಂತ್ರ್ಯ (10 ಮತ್ತು 11ನೆಯ ವಿಧಿಗಳು).
* ಹಕ್ಕುಗಳಿಗೆ ಖಾತರಿಯಿಲ್ಲದ, ಅಧಿಕಾರ ವಿಭಜನೆಯಿಲ್ಲದ ಸಮಾಜಕ್ಕೆ ಸಂವಿಧಾನವೇ ಇಲ್ಲ (16ನೆಯ ವಿಧಿ).
* ಆಸ್ತಿಯ ಹಕ್ಕು ಪವಿತ್ರವಾದುದು (17ನೆಯ ವಿಧಿ).

ವ್ಯಾಪ್ತಿಯ ಪ್ರಶ್ನೆ

ಘೋಷಣೆಯು ಸಕಲ ಮನುಷ್ಯರ ಹೆಸರಿನಲ್ಲಿತ್ತು. ಆ ಪದದೊಳಗೆ ಯಾರು ಸೇರುತ್ತಾರೆ ಎಂಬ ಪ್ರಶ್ನೆ ಕೂಡಲೇ ಎದ್ದಿತು. 1789ರ ಡಿಸೆಂಬರಿನಲ್ಲಿ ಸಭೆಯು ನಾಗರಿಕರನ್ನು ಸಕ್ರಿಯರು ಮತ್ತು ನಿಷ್ಕ್ರಿಯರು ಎಂದು ವಿಂಗಡಿಸಿತು. ಮೂರು ದಿನದ ಕೂಲಿಗೆ ಸಮನಾದ ತೆರಿಗೆ ಕಟ್ಟುವ, 25 ವರ್ಷ ದಾಟಿದ ಪುರುಷರಿಗೆ ಮಾತ್ರ ಮತದಾನದ ಹಕ್ಕು ದೊರೆಯಿತು. ಮನೆಗೆಲಸದ ಆಳುಗಳು ಹೊರಗುಳಿದರು. ಅದೇ ತಿಂಗಳು ಪ್ರಾಟೆಸ್ಟಂಟರಿಗೆ ಪೂರ್ಣ ನಾಗರಿಕ ಹಕ್ಕು ದೊರೆತರೆ, ಯಹೂದಿಗಳೆಲ್ಲರಿಗೂ ಅದು ದೊರೆಯಲು 1791ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು.

ಮಹಿಳೆಯರು: ಗಣಿತಜ್ಞ ಹಾಗೂ ಚಿಂತಕ ಕೊಂಡೋರ್ಸೆ 1790ರಲ್ಲಿ ಮಹಿಳೆಯರಿಗೆ ನಾಗರಿಕತ್ವದ ಹಕ್ಕು ನೀಡಬೇಕೆಂದು ವಾದಿಸಿದನು. 1791ರ ಸೆಪ್ಟೆಂಬರಿನಲ್ಲಿ ನಾಟಕಕಾರ್ತಿ ಒಲಾಂಪ್ ದ ಗೂಜ್ ಮಹಿಳೆ ಮತ್ತು ನಾಗರಿಕಳ ಹಕ್ಕುಗಳ ಘೋಷಣೆಯನ್ನು ಪ್ರಕಟಿಸಿದಳು. ಮೂಲ ಘೋಷಣೆಯಂತೆಯೇ 17 ವಿಧಿಗಳಲ್ಲಿದ್ದ ಇದು, ಶಿಕ್ಷೆಗೆ ಗುರಿಯಾಗುವ ಮಹಿಳೆಗೆ ರಾಜಕೀಯ ವೇದಿಕೆಯ ಹಕ್ಕೂ ಇರಬೇಕೆಂದು ಪ್ರತಿಪಾದಿಸಿತು. 1793ರ ನವೆಂಬರ್ 3ರಂದು ಅವಳನ್ನು ಗಿಲೊಟಿನ್ ಯಂತ್ರಕ್ಕೆ ಬಲಿಕೊಡಲಾಯಿತು. ಫ್ರಾನ್ಸಿನ ಮಹಿಳೆಯರಿಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ.

ಗುಲಾಮರು: ಕೆರಿಬಿಯನ್ ಪ್ರದೇಶದ ಫ್ರೆಂಚ್ ವಸಾಹತು ಸಾಂ-ದೊಮಿಂಗ್‌ನಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ, ಸುಮಾರು ಐದು ಲಕ್ಷ ಗುಲಾಮರು ಸಕ್ಕರೆ ಮತ್ತು ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದರು. ತೋಟದ ಮಾಲೀಕರು ಗುಲಾಮರನ್ನು ಆಸ್ತಿಯೆಂದು ಪರಿಗಣಿಸಿ 17ನೆಯ ವಿಧಿಯ ರಕ್ಷಣೆ ಬಯಸಿದರು. ಗುಲಾಮಗಿರಿಯ ವಿರೋಧಿಗಳಿಗೆ 1ನೆಯ ವಿಧಿ ಆಧಾರವಾಯಿತು. ಒಂದೇ ಘೋಷಣೆಯ ಎರಡು ವಿಧಿಗಳು ಇಲ್ಲಿ ಪರಸ್ಪರ ಎದುರಾದವು. ಗುಲಾಮರಲ್ಲದ ಮಿಶ್ರವರ್ಣೀಯರಿಗೆ ಹಕ್ಕು ಕೇಳಿ ದಂಗೆಯೆದ್ದ ವಿನ್ಸೆಂಟ್ ಓಜೆಗೆ 1791ರ ಫೆಬ್ರವರಿಯಲ್ಲಿ ಮರಣದಂಡನೆಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಗುಲಾಮರೇ ಬಂಡೆದ್ದರು. ಬಂಡಾಯ ಮತ್ತು ಯುದ್ಧದ ಒತ್ತಡದಲ್ಲಿ ಫ್ರೆಂಚ್ ಅಧಿಕಾರಿ ಸೊಂತೊನಾ 1793ರಲ್ಲಿ ವಸಾಹತಿನ ಉತ್ತರ ಭಾಗದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದನು. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ರಾಷ್ಟ್ರೀಯ ಸಮಾವೇಶವು ಎಲ್ಲ ವಸಾಹತುಗಳಲ್ಲೂ ಗುಲಾಮಗಿರಿಯನ್ನು ರದ್ದುಪಡಿಸಿತು. ಒಂದು ಕಾಲದಲ್ಲಿ ಗುಲಾಮನಾಗಿದ್ದ ಜಾನ್-ಬ್ಯಾಪ್ಟಿಸ್ಟ್ ಬೆಲ್ಲೆ ಆ ಸಭೆಯಲ್ಲಿ ಪ್ರತಿನಿಧಿಯಾಗಿ ಕುಳಿತಿದ್ದನು.

1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ಜಾರಿಗೆ ತರಲು ಮುಂದಾದನು. ಸೆರೆಸಿಕ್ಕ ನಾಯಕ ಟೂಸಾಂ ಲೂವೆರ್ತ್ಯೂರ್ 1803ರಲ್ಲಿ ಫ್ರಾನ್ಸಿನ ಕೋಟೆಯೊಂದರಲ್ಲಿ ಮರಣ ಹೊಂದಿದನು. ಆದರೆ ಫ್ರೆಂಚ್ ಸೇನೆ ಸೋತು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಉಳಿದ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಅಂತಿಮವಾಗಿ ಕೊನೆಗೊಂಡದ್ದು 1848ರಲ್ಲಿ.

ಭೀತಿಯ ಆಳ್ವಿಕೆ

1793ರ ಸಂವಿಧಾನದೊಂದಿಗೆ ಬಂದ ಹೊಸ ಘೋಷಣೆಯು ಸಾರ್ವಜನಿಕ ನೆರವು, ಶಿಕ್ಷಣ ಹಾಗೂ ದಂಗೆಯ ಹಕ್ಕುಗಳನ್ನು ಸೇರಿಸಿತು. ಆದರೆ ಯುದ್ಧದ ಕಾರಣ ನೀಡಿ ಆ ಸಂವಿಧಾನವನ್ನು ಜಾರಿಗೊಳಿಸಲಿಲ್ಲ. ಅದೇ ವರ್ಷ ಸೆಪ್ಟೆಂಬರಿನ ಶಂಕಿತರ ಕಾಯಿದೆಯು ಸಂಶಯದ ಆಧಾರದ ಮೇಲೆ ಬಂಧನಕ್ಕೆ ಅವಕಾಶ ನೀಡಿತು. 1794ರ ಜೂನ್ ತಿಂಗಳ ಕಾಯಿದೆಯು ಕ್ರಾಂತಿಕಾರಿ ನ್ಯಾಯಮಂಡಳಿಯ ಮುಂದೆ ಆರೋಪಿಗೆ ವಕೀಲನ ನೆರವನ್ನೂ ಇಲ್ಲವಾಗಿಸಿತು. ಹಕ್ಕುಗಳನ್ನು ಘೋಷಿಸಿದ ಕ್ರಾಂತಿಯೇ ಐದು ವರ್ಷಗಳೊಳಗೆ ಅವುಗಳನ್ನು ಮೊಟಕುಗೊಳಿಸಿತ್ತು. ಘೋಷಣೆಯನ್ನು ಮೀರುವ ಕಾನೂನನ್ನು ತಡೆಯಬಲ್ಲ ಸ್ವತಂತ್ರ ನ್ಯಾಯಾಂಗ ಆಗ ಇರಲಿಲ್ಲ.

ಟೀಕೆಗಳು

ಇಂಗ್ಲೆಂಡಿನ ಎಡ್ಮಂಡ್ ಬರ್ಕ್ 1790ರಲ್ಲಿ, ಪರಂಪರೆಯ ಬೆಂಬಲವಿಲ್ಲದ ಅಮೂರ್ತ ಹಕ್ಕುಗಳು ಅರಾಜಕತೆಗೆ ದಾರಿಯಾಗುತ್ತವೆ ಎಂದು ಟೀಕಿಸಿದನು. ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮತ್ತು ಥಾಮಸ್ ಪೇಯ್ನ್ ಅವನಿಗೆ ಪ್ರತ್ಯುತ್ತರ ಬರೆದರು. ಕಾನೂನಿಗಿಂತ ಮುಂಚೆಯೇ ಹಕ್ಕುಗಳಿರುತ್ತವೆ ಎಂಬುದನ್ನು ಜೆರೆಮಿ ಬೆಂಥಮ್ ಅಲ್ಲಗಳೆದನು. ಈ ಹಕ್ಕುಗಳು ಸಮಾಜದಿಂದ ಬೇರ್ಪಟ್ಟ, ಆಸ್ತಿಯುಳ್ಳ ವ್ಯಕ್ತಿಯ ಹಕ್ಕುಗಳೆಂದು ಕಾರ್ಲ್ ಮಾರ್ಕ್ಸ್ 1840ರ ದಶಕದಲ್ಲಿ ವಾದಿಸಿದನು.

ಪ್ರಭಾವ

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಪ್ಯಾರಿಸ್ಸಿನಲ್ಲೇ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಪರವಾಗಿ 48 ಮತಗಳು ಬಂದವು, 8 ರಾಷ್ಟ್ರಗಳು ತಟಸ್ಥವಾಗಿದ್ದವು, ವಿರೋಧ ಮತಗಳಿರಲಿಲ್ಲ. ಅದರ ಮೊದಲ ವಿಧಿ 1789ರ ಮೊದಲ ವಿಧಿಯನ್ನು ನೆನಪಿಸುತ್ತದೆ. ಅಲ್ಲಿ ಪುರುಷವಾಚಕ ಪದಕ್ಕೆ ಬದಲಾಗಿ ಎಲ್ಲ ಮಾನವರನ್ನೂ ಒಳಗೊಳ್ಳುವ ಪದವನ್ನು ಬಳಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ.

ಭಾರತದ ಸಂವಿಧಾನದ ಪ್ರಸ್ತಾವನೆಯಲ್ಲಿ ಸ್ವಾತಂತ್ರ್ಯ, ಸಮಾನತೆ ಮತ್ತು ಭ್ರಾತೃತ್ವ ಎಂಬ ಮೌಲ್ಯಗಳಿವೆ. ಈ ಮೂರು ಪದಗಳು ಫ್ರೆಂಚ್ ಕ್ರಾಂತಿಯೊಂದಿಗೆ ಗುರುತಿಸಿಕೊಂಡಿದ್ದರೂ, ತಾವು ಇವುಗಳನ್ನು ಪಡೆದದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನ ಬೋಧನೆಯಿಂದ ಎಂದು ಡಾ. ಬಿ. ಆರ್. ಅಂಬೇಡ್ಕರ್ 1954ರ ಆಕಾಶವಾಣಿ ಭಾಷಣದಲ್ಲಿ ತಿಳಿಸಿದರು. ಮೂಲಭೂತ ಹಕ್ಕುಗಳ ರಕ್ಷಣೆಗಾಗಿ ನೇರವಾಗಿ ಸುಪ್ರೀಂ ಕೋರ್ಟಿನ ಮೊರೆಹೋಗಲು ಸಂವಿಧಾನದ 32ನೆಯ ವಿಧಿ ಅವಕಾಶ ನೀಡುತ್ತದೆ.

ಫ್ರಾನ್ಸಿನಲ್ಲಿ 1958ರ ಸಂವಿಧಾನದ ಪೀಠಿಕೆಯು 1789ರ ಘೋಷಣೆಯನ್ನು ಉಲ್ಲೇಖಿಸುತ್ತದೆ. 1970ರ ದಶಕದ ಆರಂಭದಿಂದ ಅಲ್ಲಿನ ಸಾಂವಿಧಾನಿಕ ಮಂಡಳಿಯು ಘೋಷಣೆಯ ವಿಧಿಗಳಿಗೆ ಸಾಂವಿಧಾನಿಕ ಮಾನ್ಯತೆ ನೀಡುತ್ತಾ ಬಂದಿದ್ದು, ಅವುಗಳಿಗೆ ವಿರುದ್ಧವಾದ ಕಾನೂನುಗಳನ್ನು ಅಸಿಂಧುಗೊಳಿಸಬಲ್ಲದು.